ಬಾಯಿಪಾಠಕ್ಕೆ ಮೊದಲು: ಗಂಗಾಮೂಲದಿಂದ ಕೇಡಗಾಂವ್‌ಗೆ ಬಂದ ಕೀರ್ತನೆ

ಪುಣೆಯಿಂದ ಈ ವಾರದ ಮಾತಿನ ಬರಹರೂಪ ಇದು.

ಇವತ್ತಿನ ಪ್ರಶ್ನೆ ನೋಡೋಕೆ ಚಿಕ್ಕದು. ಬೈಬಲಿನ ಒಂದು ಕೀರ್ತನೆಯನ್ನು ಬಾಯಿಪಾಠ ಮಾಡಬೇಕು, ಆಮೇಲೆ ಅದನ್ನು ಧ್ಯಾನಿಸಬೇಕು ಅಂತ ಒಬ್ಬರು ಹೊರಟರೆ, ಮೊದಲ ದಿನ ಏನು ಮಾಡಬೇಕು? ಪುಸ್ತಕ ತೆಗೆದು ಉರು ಹೊಡೆಯೋಕೆ ಶುರು ಮಾಡೋದಾ? ಅದಕ್ಕೂ ಮೊದಲು ಮಾಡೋ ಕೆಲಸ ಏನಾದರೂ ಇದೆಯಾ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಜೆರೂಸಲೇಮಿನಿಂದ ಶುರು ಮಾಡಲ್ಲ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಿಂದ ಶುರು ಮಾಡ್ತೀನಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಜಗತ್ತು ಆಕೆಯನ್ನು ಪಂಡಿತಾ ರಮಾಬಾಯಿ ಅಂತ ಕರೆಯಿತು. ಬಾಯಿಪಾಠ ಅನ್ನೋದರ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದನ್ನು ಆಕೆಯಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಮೊದಲ ಹೆಜ್ಜೆ: ಕಿವಿ

ಕಥೆ ಶುರುವಾಗೋದು ಪುಣೆಯಲ್ಲೇ. ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಯುವಕನಾಗಿದ್ದಾಗ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿ ಸಾಠೆಯವರ ಬಳಿ ಓದಿದರು. ಪೇಶ್ವೆ ಎರಡನೇ ಬಾಜೀರಾಯನ ಮಡದಿಗೆ ಸಂಸ್ಕೃತ ಹೇಳಿಕೊಡುತ್ತಿದ್ದವರೂ ಇದೇ ಗುರುಗಳು. ಗುರುವಿನ ಜೊತೆ ಅರಮನೆಗೆ ಹೋದ ಹುಡುಗ, ಒಬ್ಬ ಹೆಣ್ಣುಮಗಳು ಸಂಸ್ಕೃತ ಶ್ಲೋಕ ಹೇಳುವುದನ್ನು ಅಲ್ಲಿ ಕೇಳಿಸಿಕೊಂಡ. ನನ್ನ ಹೆಂಡತಿಗೂ ಕಲಿಸಬೇಕು ಅಂತ ಅವತ್ತೇ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಕಲಿಸಿದರು ಕೂಡ. ಊರಿನವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧ ಅಲ್ಲ ಅಂತ ಅನಂತಶಾಸ್ತ್ರಿಗಳು ವಾದಿಸಬೇಕಾಯಿತು. ಆದರೆ ಒಂದು ಗೆರೆಯನ್ನು ಅವರೂ ದಾಟಲಿಲ್ಲ. ವೇದವನ್ನು ಹೆಣ್ಣುಮಕ್ಕಳಿಗೆ ಹೇಳಿಕೊಡಲಿಲ್ಲ. ಪುರಾಣ, ಕಾವ್ಯ, ವ್ಯಾಕರಣ, ಕೋಶ, ಇಷ್ಟಕ್ಕೆ ಮಾತ್ರ ಅನುಮತಿ.

ರಮೆಗೆ ಆರು ತಿಂಗಳಾದಾಗ ಕುಟುಂಬ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರು. ಆಮೇಲೆ ಅವರಿಗೆ ಮನೆ ಅಂತ ಒಂದು ಇರಲೇ ಇಲ್ಲ. ಶಾಲೆಯಿಲ್ಲ, ಕಪಾಟು ತುಂಬ ಪುಸ್ತಕವೂ ಇಲ್ಲ. ಎಂಟನೇ ವಯಸ್ಸಿನಿಂದ ಹದಿನೈದರವರೆಗೆ ತಾಯಿ ಲಕ್ಷ್ಮೀಬಾಯಿಯೇ ಪಾಠ ಹೇಳಿದರು. ತಾಯಿ ಹೇಳೋದು, ಮಗಳು ತಿರುಗಿ ಹೇಳೋದು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕ ಆಕೆಗೆ ಬಾಯಿಗೆ ಬರುತ್ತಿತ್ತು ಅಂತ ಆಕೆಯ ಜೀವನಚರಿತ್ರೆಗಳು ಹೇಳುತ್ತವೆ. ದಾರಿಯಲ್ಲಿ ಕಿವಿಗೆ ಬಿದ್ದ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಜೊತೆಗೆ ಬಂದವು.

ನಾನು ದಿನವಿಡೀ ಡೇಟಾ ಜೊತೆ ಕೆಲಸ ಮಾಡೋನು. ಹಾಗಾಗಿ ಇಲ್ಲಿ ನನಗೆ ಕಾಣೋದು ಇದು: ಶ್ಲೋಕದ ಛಂದಸ್ಸೇ ತಪ್ಪು ಹಿಡಿಯುವ ಯಂತ್ರ. ಅನುಷ್ಟುಪ್‌ನಲ್ಲಿ ನಾಲ್ಕು ಪಾದ, ಪಾದಕ್ಕೆ ಎಂಟು, ಒಟ್ಟು 32 ಅಕ್ಷರ. ಒಂದು ಅಕ್ಷರ ಜಾರಿದರೂ ಕಿವಿಗೆ ಗೊತ್ತಾಗುತ್ತೆ. ನಮ್ಮ ಭಾಮಿನಿ ಷಟ್ಪದಿಯಲ್ಲೂ ಅಷ್ಟೇ. ಮೂರು-ನಾಲ್ಕು ಮಾತ್ರೆಗಳ ಗಣ ಹೆಜ್ಜೆ ಹಾಕ್ತಾ ಇರುತ್ತೆ, ಸಾಲಿನ ಎರಡನೇ ಅಕ್ಷರದ ಪ್ರಾಸ ಮುಂದಿನ ಸಾಲನ್ನು ಎಳೆದು ತರುತ್ತೆ. ಕುಮಾರವ್ಯಾಸನನ್ನು ಓದಲು ಬಾರದವರೂ ಗಮಕಿಗಳ ಬಾಯಿಂದ ಕೇಳಿ ಕಲಿತದ್ದು ಹೀಗೇ.

ಎರಡನೇ ಹೆಜ್ಜೆ: ಕೀಲು ಹುಡುಕುವುದು

ಈಗ ಕೀರ್ತನೆಗೆ ಬರೋಣ. ಕನ್ನಡ ಬೈಬಲ್ ಈ ಪುಸ್ತಕವನ್ನು ‘ಕೀರ್ತನೆಗಳು’ ಅನ್ನುತ್ತೆ, ಮರಾಠಿ ಬೈಬಲ್ ‘ಸ್ತೋತ್ರಸಂಹಿತಾ’ ಅನ್ನುತ್ತೆ. ಕನ್ನಡ ಹೆಸರು ಕೇಳಿದ ಕೂಡಲೇ ತಂಬೂರಿ ನೆನಪಾಗುತ್ತೆ, ಮರಾಠಿ ಹೆಸರಿಗೆ ದೇವರ ಮನೆ ನೆನಪಾಗುತ್ತೆ. ಒಟ್ಟು 150 ರಚನೆಗಳು. ಅದರಲ್ಲಿ ಒಂದು ಎರಡೇ ವಚನದ್ದು. 119ನೆಯದರಲ್ಲಿ ಮಾತ್ರ 176 ವಚನ.

ಆ 119ನೆಯದನ್ನೇ ನೋಡಿ. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಈ ಕೀರ್ತನೆಯಲ್ಲಿ 22 ಗುಂಪು, ಗುಂಪಿಗೆ ಎಂಟು ವಚನ. ಮೊದಲ ಗುಂಪಿನ ಎಂಟೂ ವಚನ ಮೊದಲ ಅಕ್ಷರದಿಂದ, ಎರಡನೇ ಗುಂಪಿನ ಎಂಟೂ ಎರಡನೇ ಅಕ್ಷರದಿಂದ ಶುರುವಾಗುತ್ತವೆ. ಬಾಯಿಪಾಠ ಮಾಡುವವನಿಗೆ ಇದು ಪೂರ್ತಿ ಇಂಡೆಕ್ಸ್ ಇದ್ದಹಾಗೆ. ಆದರೆ ಅನುವಾದ ಮಾಡಿದ ಕೂಡಲೇ ಈ ಸೌಲಭ್ಯ ಹೋಗಿಬಿಡುತ್ತೆ. ಕನ್ನಡದಲ್ಲಿ ಓದುವವರಿಗೆ ಆ ಅಕ್ಷರಗಳ ಮೆಟ್ಟಿಲು ಕಾಣಿಸುವುದೇ ಇಲ್ಲ.

ಹಾಗಾದರೆ ಅನುವಾದದಲ್ಲಿ ಉಳಿಯೋದು ಏನು? ಜೋಡಿ. ಹೀಬ್ರೂ ಕಾವ್ಯದ ಪ್ರಾಸ ಶಬ್ದದಲ್ಲಿಲ್ಲ, ಅರ್ಥದಲ್ಲಿದೆ ಅಂತ ರಾಬರ್ಟ್ ಲೋತ್ ಎಂಬ ಇಂಗ್ಲಿಷ್ ವಿದ್ವಾಂಸ 1753ರಲ್ಲಿ ವಿವರಿಸಿದ. ವಚನದ ಮೊದಲರ್ಧ ಒಂದು ಮಾತು ಹೇಳುತ್ತೆ. ಎರಡನೆಯರ್ಧ ಅದನ್ನೇ ಬೇರೆ ಪದದಲ್ಲಿ ಹೇಳುತ್ತೆ, ಇಲ್ಲವೇ ತಿರುಗಿಸಿ ಹೇಳುತ್ತೆ, ಇಲ್ಲವೇ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೆ. ಅರ್ಥದ ಪ್ರಾಸ ಯಾವ ಭಾಷೆಗೆ ಹೋದರೂ ಜೊತೆಗೇ ಹೋಗುತ್ತೆ. ಹಾಗಾಗಿ ಬಾಯಿಪಾಠಕ್ಕೆ ಮೊದಲು ಮಾಡುವ ಕೆಲಸ ಇದು: ವಚನ ಎಲ್ಲಿ ಎರಡಾಗಿ ಮಡಚುತ್ತೆ ಅಂತ ಗುರುತು ಮಾಡಿಕೊಳ್ಳೋದು, ಎರಡು ಅರ್ಧಕ್ಕೂ ಇರುವ ಸಂಬಂಧ ಏನು ಅಂತ ಕೇಳಿಕೊಳ್ಳೋದು.

ಅದಾದ ಮೇಲೆ, ಯಾರು ಯಾರ ಜೊತೆ ಮಾತಾಡ್ತಾ ಇದ್ದಾರೆ ಅಂತ ನೋಡೋದು. ಎಲ್ಲರಿಗೂ ಗೊತ್ತಿರುವ 23ನೇ ಕೀರ್ತನೆ ತೆಗೆದುಕೊಳ್ಳಿ. ಆರೇ ವಚನ. ಮೊದಲ ಮೂರರಲ್ಲಿ ಹಾಡುವವನು ದೇವರ ಬಗ್ಗೆ ಮಾತಾಡುತ್ತಾನೆ, ಆತನು ಹೀಗೆ, ಆತನು ಹಾಗೆ ಅಂತ. ನಾಲ್ಕನೇ ವಚನದಲ್ಲಿ ಕತ್ತಲ ಕಣಿವೆ ಬರುತ್ತೆ. ಅಲ್ಲಿ ‘ಆತನು’ ಹೋಗಿ ‘ನೀನು’ ಬರುತ್ತೆ. ಬೆಳಕಿರುವಾಗ ದೇವರ ವಿಷಯ ಮಾತಾಡಿದವನು ಕತ್ತಲಾದಾಗ ದೇವರ ಜೊತೆಗೇ ಮಾತಾಡುತ್ತಾನೆ. ಈ ತಿರುವು ಒಮ್ಮೆ ಕಣ್ಣಿಗೆ ಬಿದ್ದರೆ ವಚನಗಳ ಕ್ರಮ ಮರೆಯೋದು ಕಷ್ಟ.

ಇನ್ನು ಧ್ಯಾನ. ಧ್ಯಾನ ಅಂದರೆ ಕಣ್ಣು ಮುಚ್ಚಿ ಸುಮ್ಮನೆ ಕೂರೋದು ಅಂತ ನಾವು ಅಂದುಕೊಳ್ತೀವಿ. ಮೊದಲನೇ ಕೀರ್ತನೆಯಲ್ಲಿ ಧ್ಯಾನಕ್ಕೆ ಬಳಸಿರುವ ಹೀಬ್ರೂ ಕ್ರಿಯಾಪದ ‘ಹಾಗಾ’. ಅದರ ಅರ್ಥ ಗುಣುಗುಟ್ಟು, ಮೆಲ್ಲಗೆ ಬಾಯಲ್ಲಿ ಆಡು ಅಂತ. ಯೆಶಾಯನ ಪುಸ್ತಕದಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ, ಪಾರಿವಾಳ ಗುಟುರು ಹಾಕುವುದಕ್ಕೂ ಇದೇ ಪದ ಇದೆ. ಅಂದರೆ ಅವರಿಗೆ ಬಾಯಿಪಾಠ ಬೇರೆ, ಧ್ಯಾನ ಬೇರೆ ಆಗಿರಲಿಲ್ಲ. ಪುಣೆ ಕ್ಯಾಂಪಿನಲ್ಲಿ ಜನ ‘ಲಾಲ್ ದೇವಳ’ ಅಂತ ಕರೆಯುವ ಓಹೆಲ್ ಡೇವಿಡ್ ಸಿನಗಾಗ್ ಇದೆ. ಡೇವಿಡ್ ಸಸೂನ್ 1863ರಲ್ಲಿ ಕಟ್ಟಲು ಶುರು ಮಾಡಿಸಿದ್ದು. ಯೆಹೂದ್ಯರ ಪ್ರಾರ್ಥನೆಯಲ್ಲಿ ಕೀರ್ತನೆಗಳು ಇವತ್ತಿಗೂ ಸ್ವರ ಹಚ್ಚಿ ಹೇಳುವ ಪಠ್ಯವೇ.

ಯುರೋಪಿನ ಮಠಗಳಲ್ಲೂ ಇದೇ ರೂಢಿ. ಆರನೇ ಶತಮಾನದ ಸಂತ ಬೆನೆಡಿಕ್ಟನ ನಿಯಮದಂತೆ ವಾರದಲ್ಲಿ 150 ಕೀರ್ತನೆಗಳೂ ಮುಗಿಯಬೇಕಿತ್ತು. 787ರ ನಿಕೇಯ ಸಭೆ, ಬಿಷಪ್ ಆಗುವವನಿಗೆ ಕೀರ್ತನೆಗಳು ಕಂಠಸ್ಥ ಆಗಿರಲೇಬೇಕು ಅಂತ ವಿಧಿಸಿತು. ಆ ಸನ್ಯಾಸಿಗಳು ಈ ಅಭ್ಯಾಸಕ್ಕೆ ಇಟ್ಟ ಲ್ಯಾಟಿನ್ ಹೆಸರಿನ ಅರ್ಥ ಹಸು ತಿಂದದ್ದನ್ನು ಮತ್ತೆ ಬಾಯಿಗೆ ತಂದು ಅಗಿಯುವುದು. ನಾವು ಕನ್ನಡದಲ್ಲಿ ನೆನಪನ್ನು ‘ಮೆಲುಕು ಹಾಕೋದು’ ಅಂತೀವಲ್ಲ, ಅದೇ.

ಮೂರನೇ ಹೆಜ್ಜೆ: ಭಾಷೆ

ರಮಾಬಾಯಿಯ ಬದುಕು ನಮಗೆ ಪಾಠ ಆಗೋದು ಇಲ್ಲಿ. ಊರೂರು ತಿರುಗುವಾಗ ಆ ಕುಟುಂಬದ ಹೊಟ್ಟೆಪಾಡು ಪುರಾಣ ಓದುವುದರಿಂದಲೇ ನಡೆಯುತ್ತಿತ್ತು. ದೇವಸ್ಥಾನದಲ್ಲಿ, ನದಿದಡದಲ್ಲಿ ಕೂತು ಸಂಸ್ಕೃತದಲ್ಲಿ ಓದಬೇಕು. ಜನ ಬರುತ್ತಾರೆ, ಕೇಳುತ್ತಾರೆ, ಕಾಣಿಕೆ ಇಟ್ಟು ಹೋಗುತ್ತಾರೆ. ಅರ್ಥ ಹೇಳಲೇಬೇಕು ಅಂತ ಇರಲಿಲ್ಲ, ಕಿವಿಗೆ ಬಿದ್ದರೆ ಪುಣ್ಯ. ಇದನ್ನು ರಮಾಬಾಯಿಯೇ ಮುಂದೆ ತನ್ನ ಆತ್ಮಕಥನದಲ್ಲಿ ನೆನೆಸಿಕೊಂಡಿದ್ದಾರೆ.

1874ರ ಹೊತ್ತಿಗೆ ಕ್ಷಾಮ ಬಂತು. ತಂದೆ ಹೋದರು, ತಾಯಿ ಹೋದರು, ಸ್ವಲ್ಪದರಲ್ಲೇ ಅಕ್ಕನೂ ಹೋದಳು. ಅಣ್ಣ ಶ್ರೀನಿವಾಸನ ಜೊತೆ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದಾಗ ಆಕೆಯ ಕೈಯಲ್ಲಿ ಏನೂ ಇರಲಿಲ್ಲ, ಬಾಯಲ್ಲಿದ್ದದ್ದು ಮಾತ್ರ ಉಳಿದಿತ್ತು. ಅಲ್ಲಿನ ವಿದ್ವಾಂಸರು ಪರೀಕ್ಷೆ ಮಾಡಿ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು. ಅದೇ ಊರಿನಲ್ಲಿ ಕೇಶವಚಂದ್ರ ಸೇನರು ಆಕೆಯ ಕೈಗೆ ವೇದದ ಪುಸ್ತಕ ಇಟ್ಟರು. ಹೆಣ್ಣು ಅದನ್ನು ಓದಬಾರದು ಅಂತಲೇ ಆಕೆ ಅಲ್ಲಿಯವರೆಗೆ ನಂಬಿದ್ದು. ಅಲ್ಲೇ ಕ್ರೈಸ್ತರು ಸಂಸ್ಕೃತದ ಬೈಬಲನ್ನೂ ಕೊಟ್ಟರು, ಅದರ ಭಾಷೆ ಮಾತ್ರ ಆಕೆಗೆ ಹಿಡಿಸಲಿಲ್ಲ. ಸಂಸ್ಕೃತ ನೀರು ಕುಡಿದಷ್ಟು ಸಲೀಸಾಗಿದ್ದವಳಿಗೇ ಹಾಗಾದರೆ, ಉಳಿದವರ ಪಾಡು ಏನು?

ಮುಂದಿನದನ್ನು ಬೇಗ ಹೇಳಿಬಿಡ್ತೀನಿ. ಮದುವೆ, ಎರಡೇ ವರ್ಷದಲ್ಲಿ ವೈಧವ್ಯ, ಕೈಯಲ್ಲಿ ಪುಟ್ಟ ಮಗಳು ಮನೋರಮಾ. 1882ರಲ್ಲಿ ಪುಣೆ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕಾರ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಮರುವರ್ಷ ಅದು ಪುಣೆಗೆ ಬಂತು. 1893ರಲ್ಲಿ ಮತಾಂತರದ ವಿವಾದ ಎದ್ದು, ರಾನಡೆ, ಭಂಡಾರ್ಕರ್ ಅಂಥವರೇ ಸಲಹಾ ಮಂಡಳಿ ಬಿಟ್ಟು ಹೊರನಡೆದರು. ಆ ಜಗಳದಲ್ಲಿ ಎರಡೂ ಕಡೆ ಹೇಳೋದಿದೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು. ಆಮೇಲೆ ಮತ್ತೆ ಕ್ಷಾಮ. ತನ್ನ ಹೆತ್ತವರನ್ನು ನುಂಗಿದ ಹಸಿವನ್ನು ಕಂಡಿದ್ದ ರಮಾಬಾಯಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ‘ಮುಕ್ತಿ’ ಕಟ್ಟಿದರು. 1900ರ ಹೊತ್ತಿಗೆ ಅಲ್ಲಿ ಸಾವಿರದ ಐನೂರು ಜನ ಇದ್ದರು. ಅಂಧ ಹೆಣ್ಣುಮಕ್ಕಳಿಗೂ ಅಲ್ಲಿ ಜಾಗ ಇತ್ತು.

ಈ ಹುಡುಗಿಯರು ಎಂಥವರು ಅಂತ ಯೋಚಿಸಿ. ಅಕ್ಷರ ಇಲ್ಲ, ಮನೆ ಇಲ್ಲ, ಎಷ್ಟೋ ಜನಕ್ಕೆ ಬಂಧುಗಳೂ ಇಲ್ಲ. ಅವರು ಕಲಿತು ಜೊತೆಗಿಟ್ಟುಕೊಳ್ಳಬಹುದಾದ ಆಸ್ತಿ ಅಂದರೆ ಬಾಯಿಪಾಠ ಒಂದೇ. ಮರಾಠಿ ಬೈಬಲ್ ಆಗಲೇ ಇತ್ತು. ಆದರೆ ಅದು ಓದಿದವರ ಮರಾಠಿ, ಸಂಸ್ಕೃತ ಪದಗಳ ಭಾರ ಹೊತ್ತದ್ದು. ಆ ಹುಡುಗಿಯರು ಅದನ್ನು ಉರು ಹೊಡೆದರೆ ನದಿದಡದ ಪುರಾಣದ ಕಥೆಯೇ ಮತ್ತೆ: ಕಿವಿ ತುಂಬುತ್ತೆ, ತಲೆ ಖಾಲಿ.

ಅದಕ್ಕೇ ರಮಾಬಾಯಿ ಇಡೀ ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲದಿಂದ, ಸಾಮಾನ್ಯ ಹೆಣ್ಣುಮಕ್ಕಳಿಗೆ ತಿಳಿಯುವ ಮರಾಠಿಗೆ ತರಲು ಕೂತರು. ಇದು ವರ್ಷಗಟ್ಟಲೆಯ ಕೆಲಸ. ಮುಕ್ತಿಯ ಸ್ವಂತ ಮುದ್ರಣಾಲಯದಲ್ಲಿ ಅಲ್ಲಿನ ಹೆಂಗಸರೇ ದುಡಿದರು. ಹದಿನೆಂಟು ಸಾವಿರ ಶ್ಲೋಕದ ಒಡತಿ ಬೇಕೆಂದೇ ಸಂಸ್ಕೃತವನ್ನು ಪಕ್ಕಕ್ಕೆ ಸರಿಸಿದಳು. ಇದು ಸಣ್ಣ ಮಾತಲ್ಲ. ಯಾವ ವಿದ್ಯೆಯಿಂದ ಆಕೆಗೆ ಪಂಡಿತಾ ಅನ್ನೋ ಹೆಸರು ಬಂತೋ, ಅದೇ ವಿದ್ಯೆ ಇನ್ನೊಬ್ಬಳಿಗೆ ಬೇಲಿ ಆಗಬಾರದು ಅಂತ ಮಾಡಿದ ತ್ಯಾಗ ಅದು. ಬದುಕಿನ ಕೊನೆಯ ದಿನಗಳವರೆಗೂ ಈ ಕೆಲಸ ಮಾಡಿ, 1922ರ ಏಪ್ರಿಲ್ 5ರಂದು ತೀರಿಕೊಂಡರು. ಪುಸ್ತಕ ಪೂರ್ತಿಯಾಗಿ ಹೊರಬಂದದ್ದು ಆಮೇಲೆ.

ಆ ನೆಲದ ಬಗ್ಗೆಯೂ ಒಂದು ಮಾತು. ದೇಹುವಿನಿಂದ ಪಂಢರಪುರಕ್ಕೆ ಹೋಗುವ ತುಕಾರಾಮರ ಪಾಲಖಿ ಕೇಡಗಾಂವ್‌ಗೆ ಹತ್ತಿರದ ರಸ್ತೆಯಲ್ಲೇ ಸಾಗುತ್ತೆ. ತುಕಾರಾಮರ ಅಭಂಗದ ಹಾಳೆಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರೂ ಅವು ತೇಲಿ ಬಂದವು ಅನ್ನೋದು ಭಕ್ತರ ನಂಬಿಕೆ. ಹಾಳೆಯ ವಿಷಯ ಹೇಗೇ ಇರಲಿ, ಜನರ ಬಾಯಲ್ಲಿದ್ದ ಅಭಂಗವನ್ನು ಯಾವ ನದಿಯೂ ಮುಳುಗಿಸೋಕೆ ಆಗುತ್ತಿರಲಿಲ್ಲ. ಯಾಕೆಂದರೆ ಅದು ಅವರ ಮಾತಿನಲ್ಲೇ ಇತ್ತು.

ಕನ್ನಡದಲ್ಲಿ ಈ ಕೆಲಸ ಇನ್ನೂ ಮೊದಲೇ ಶುರುವಾಗಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಕನ್ನಡ ಬೈಬಲಿನ ಪರಿಷ್ಕರಣೆಗೆ ಕೈಜೋಡಿಸಿದರು.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ನನ್ನ ಉತ್ತರ ಇಷ್ಟು. ಚಿಕ್ಕದೊಂದು ಕೀರ್ತನೆ ಆರಿಸಿ. ಉರು ಹೊಡೆಯಬೇಡಿ, ಎರಡು ಮೂರು ದಿನ ಯಾರಾದರೂ ಗಟ್ಟಿಯಾಗಿ ಓದುವುದನ್ನು ಕೇಳಿ, ಇಲ್ಲವೇ ನೀವೇ ಓದಿ ಕೇಳಿಸಿಕೊಳ್ಳಿ. ವಚನ ಎಲ್ಲಿ ಮಡಚುತ್ತೆ, ‘ಆತನು’ ಎಲ್ಲಿ ‘ನೀನು’ ಆಗುತ್ತೆ ಅಂತ ಗುರುತು ಹಾಕಿ. ಅರ್ಥ ಆಗದ ಪದ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ಮನೆಯ ಮಾತಿನಲ್ಲಿ ಅದನ್ನು ಅಜ್ಜಿಗೆ ಅಥವಾ ಮಗುವಿಗೆ ಹೇಳಿ ನೋಡಿ. ಅವರಿಗೆ ತಿಳಿದರೆ ನೀವು ಬಾಯಿಪಾಠಕ್ಕೆ ಸಿದ್ಧ. ನೀವು ಯಾವ ಧರ್ಮದವರಾದರೂ, ಕೀರ್ತನೆಯ ಬದಲು ವಚನವನ್ನೋ ದಾಸರ ಪದವನ್ನೋ ಇಟ್ಟುಕೊಂಡರೂ ಕ್ರಮ ಇದೇ.

ಕೊನೆಗೊಂದು ಸಣ್ಣ ವಿಷಯ. 1910ರ ದಶಕದ ಆರಂಭದಲ್ಲಿ ತಾಯಿ-ಮಗಳು ಸೇರಿ ಅಂದಿನ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗಾದಲ್ಲೂ ಒಂದು ಶಾಲೆ ತೆರೆದರು, ಮನೋರಮಾ ಅದನ್ನು ನಡೆಸಿದಳು. ಪುಣೆಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಮೊದಲು ಕೇಡಗಾಂವ್ ದಾಟುತ್ತೀರಿ, ಸೊಲ್ಲಾಪುರ ಆದಮೇಲೆ ಕಲಬುರಗಿ ಬರುತ್ತೆ. ಮುಂದಿನ ಸಲ ಕಿಟಕಿಯಿಂದ ಕೇಡಗಾಂವ್ ಬೋರ್ಡು ಕಂಡರೆ, ಬೆತ್ತದ ಪೆಟ್ಟಿಗೆಯಲ್ಲಿ ಗಂಗಾಮೂಲದಿಂದ ಹೊರಟ ಆ ಮಗುವನ್ನು ಒಮ್ಮೆ ನೆನೆಸಿಕೊಳ್ಳಿ.

ಮುಂದಿನ ವಾರ ಸಿಗೋಣ.