ಮುತ್ತು ಕಟ್ಟುವ ಮುನ್ನ: ದೇವದಾಸಿ ನಿಷೇಧ ಮತ್ತು ಬಾಲೆಯರ ರಕ್ಷಣೆಯ ಇತಿಹಾಸ

ದೇವರ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ, ಮೈನೆರೆದ ಮೇಲೆ ಅವರನ್ನು ಲೈಂಗಿಕ ಶೋಷಣೆಗೆ ಒಡ್ಡುವ ದೇವದಾಸಿ ಪದ್ಧತಿ ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆದುಬಂದಿತು. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಸನ್ನಿಧಿಗಳು ಇದಕ್ಕೆ ಹೆಸರಾಗಿದ್ದವು. ಬಳ್ಳಾರಿ ಸೀಮೆಯಲ್ಲಿ ಹೀಗೆ ಬಿಟ್ಟ ಹುಡುಗಿಯನ್ನು ಬಸವಿ ಎಂದು ಕರೆಯುತ್ತಿದ್ದರು. ಮುತ್ತು ಎಂಬ ಕೆಂಪು-ಬಿಳಿ ಮಣಿಗಳ ಸರ ಕೊರಳಿಗೆ ಬಿದ್ದರೆ ಮದುವೆಯ ದಾರಿ ಮುಚ್ಚಿದಂತೆಯೇ. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬಗಳ ಮಕ್ಕಳು. ಮೊದಲು ಊರಿನ ಉಳ್ಳವರ ಪಾಲಾದ ಇವರಲ್ಲಿ ಹಲವರು ಮುಂದೆ ದಲ್ಲಾಳಿಗಳ ಮೂಲಕ ಮುಂಬೈ, ಪುಣೆ, ಸಾಂಗ್ಲಿಯ ವೇಶ್ಯಾಗೃಹಗಳನ್ನು ಸೇರಿದರು.

1860ರ ಭಾರತೀಯ ದಂಡ ಸಂಹಿತೆಯ 372 ಮತ್ತು 373ನೇ ಕಲಮುಗಳು ಅಪ್ರಾಪ್ತರನ್ನು ವೇಶ್ಯಾವೃತ್ತಿಗಾಗಿ ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವಾಗಿಸಿದವು. ಆದರೆ ಹರಕೆಯ ಹೆಸರಿನಲ್ಲಿ ಮನೆಯವರೇ ಮಗಳನ್ನು ಬಿಟ್ಟಾಗ ದೂರು ಕೊಡುವವರು ಇರುತ್ತಿರಲಿಲ್ಲ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಗುಡಿಯ ಶುದ್ಧಿಯೇ ಆ ಆದೇಶದ ಮುಖ್ಯ ಕಾಳಜಿಯಾಗಿತ್ತು. ಹುಡುಗಿಯ ಮುಂದಿನ ಬಾಳಿನ ಚಿಂತೆ ಅದರಲ್ಲಿ ಹಿಂದೆ ಉಳಿಯಿತು. ಮುಂಬೈ ಪ್ರಾಂತ್ಯದ 1934ರ ಕಾಯ್ದೆ ಮತ್ತು ವೈದ್ಯೆಯೂ ಶಾಸಕಿಯೂ ಆಗಿದ್ದ ಮುತ್ತುಲಕ್ಷ್ಮಿ ರೆಡ್ಡಿ ಅವರ ದೀರ್ಘ ಹೋರಾಟದ ಫಲವಾಗಿ ಬಂದ ಮದ್ರಾಸಿನ 1947ರ ಕಾಯ್ದೆ ಮುತ್ತು ಕಟ್ಟುವುದನ್ನೇ ನಿಷೇಧಿಸಿದವು. ಹೀಗೆ ಬಿಟ್ಟ ಹೆಣ್ಣಿನ ಮದುವೆಯೂ ಕಾನೂನುಬದ್ಧವೆಂದು ಸಾರಿದವು.

ಇಡೀ ರಾಜ್ಯಕ್ಕೆ ಅನ್ವಯಿಸುವ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರಲ್ಲಿ ಅಂಗೀಕಾರವಾಗಿ 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿಸಿದವರಿಗೆ ಅದು ಮೂರು ವರ್ಷದವರೆಗೆ ಸೆರೆವಾಸ ಗೊತ್ತುಪಡಿಸಿತ್ತು. ತಂದೆ-ತಾಯಿ, ಪೋಷಕರು, ಬಂಧುಗಳೇ ತಪ್ಪಿತಸ್ಥರಾದರೆ ಶಿಕ್ಷೆ ಎರಡರಿಂದ ಐದು ವರ್ಷವಿತ್ತು. ಶಿಕ್ಷೆಯ ಭಯಕ್ಕೆ ಪದ್ಧತಿ ಅಳಿಯಲಿಲ್ಲ, ಮರೆಗೆ ಸರಿಯಿತು. ಗುಡಿಯ ಮುಂದೆ ನಡೆಯುತ್ತಿದ್ದ ವಿಧಿ ಮನೆಯ ಒಳಗೋಣೆಯಲ್ಲಿ ಗುಟ್ಟಾಗಿ ನಡೆಯತೊಡಗಿತು. ರಾಜ್ಯ ಸರ್ಕಾರದ 1993-94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು; 2007-08ರ ಸಮೀಕ್ಷೆಯಲ್ಲಿ ಸೇರಿದವರೊಂದಿಗೆ ಒಟ್ಟು 46,660 ಆಯಿತು.

ಕಾಯ್ದೆಯ ಕೈಗೆ ಎಟುಕದ ಕಡೆ ತಲುಪಿದವರು ಆ ನೋವನ್ನು ಉಂಡ ಹೆಣ್ಣುಮಕ್ಕಳೇ. 1997ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ತಲೆಯಲ್ಲಿ ಜಡೆಗಟ್ಟಿದರೆ ಎಲ್ಲಮ್ಮ ಕರೆದಳು ಎಂಬುದು ಹಳ್ಳಿಗಳ ನಂಬಿಕೆ. ಸಂಸ್ಥೆಯ ಕಾರ್ಯಕರ್ತೆಯರು ಅಂಥ ಮನೆಗೆ ಹೋಗಿ, ಎಣ್ಣೆ-ನೀರು ಕಾಣದ ಕೂದಲು ಗಂಟುಬಿದ್ದಿದೆ ಅಷ್ಟೇ ಎಂದು ತಿಳಿಹೇಳಿ, ಜಡೆ ಕತ್ತರಿಸಿ, ತಲೆ ತೊಳೆದರು. ಹರಕೆಗೆ ನೆಪವಾಗುತ್ತಿದ್ದ ಭಯ ಅಲ್ಲಿಯೇ ಕರಗುತ್ತಿತ್ತು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನವರ ಮೇಲಿನ ಲೈಂಗಿಕ ಕೃತ್ಯಕ್ಕೆ ಸಂಪ್ರದಾಯದ ಮರೆ ಉಳಿಸಲಿಲ್ಲ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದನ್ನೂ ಅಪರಾಧವಾಗಿಸಿತು. ಗುಡಿಯ ಶುದ್ಧಿಯಿಂದ ಹೊರಟ ಕಾನೂನು ಮಗುವಿನ ರಕ್ಷಣೆಯವರೆಗೆ ಬರಲು ನೂರು ವರ್ಷ ಹಿಡಿಯಿತು. ಶಿಕ್ಷೆ ಬರುವುದು ಮುತ್ತು ಕಟ್ಟಿದ ಮೇಲೆ. ಶಾಲೆ ಬಿಟ್ಟ ಹುಡುಗಿಯನ್ನೂ ಹರಕೆ ಹೊತ್ತ ಮನೆಯನ್ನೂ ಮೊದಲೇ ಗುರುತಿಸಬಲ್ಲವರು ಊರಿನವರು.