ವರ್ಸೇಲ್ಸ್ ಉದ್ಯಾನದ ಲಟೋನಾ ಶಿಲ್ಪ: ಒಂದು ಅರ್ಥವಿಚಾರ

ವರ್ಸೇಲ್ಸ್ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ 1919ರ ಕೌಲು ನೆನಪಾಗುವುದು ಸಹಜ. ಆದರೆ ಆ ಅರಮನೆಯ ಉದ್ಯಾನವೂ ಚರಿತ್ರೆಯ ಆಕರವೇ. ಅಲ್ಲಿಯ ಒಂದು ಶಿಲ್ಪಕ್ಕೆ ವಿದ್ವಾಂಸರು ಹೇಳಿರುವ ಅರ್ಥವು ಎಷ್ಟರಮಟ್ಟಿಗೆ ಆಧಾರವುಳ್ಳದ್ದೆಂದು ಪರಿಶೀಲಿಸುವುದು ಈ ಕಿರುಲೇಖನದ ಉದ್ದೇಶ.

ಅರಮನೆಯ ಪಶ್ಚಿಮದ ಜಗತಿಯಿಂದ ಮೆಟ್ಟಿಲಿಳಿದರೆ ಲಟೋನಾದೇವಿಯ ಕಾರಂಜಿ ಎದುರಾಗುತ್ತದೆ. ಅದರ ಶಿಲ್ಪಗಳನ್ನು ಗಾಸ್ಪಾರ್ ಮತ್ತು ಬಾಲ್ತಜಾರ್ ಮಾರ್ಸಿ ಸೋದರರು 1668ರಿಂದ 1670ರವರೆಗೆ ರಚಿಸಿದರು. ನಡುವೆ ಅಮೃತಶಿಲೆಯ ತಾಯಿ. ಅವಳ ಪಕ್ಕದಲ್ಲಿ ಮಕ್ಕಳಾದ ಅಪೋಲೋ ಮತ್ತು ಡಯಾನಾ. ಸುತ್ತಲೂ ಸೀಸದಲ್ಲಿ ಎರಕ ಹೊಯ್ದು ಚಿನ್ನದ ಲೇಪ ಕೊಟ್ಟ ಕಪ್ಪೆಗಳು, ಅವುಗಳ ನಡುವೆ ಅರ್ಧ ಮನುಷ್ಯರಾಗಿಯೇ ಉಳಿದ ಕೆಲವು ಆಕೃತಿಗಳು. ಕಥೆಯು ರೋಮನ್ ಕವಿ ಓವಿಡನ 'ರೂಪಾಂತರಗಳು' ಕಾವ್ಯದ ಆರನೆಯ ಭಾಗದ್ದು. ಜೂನೋದೇವಿಯ ಮತ್ಸರಕ್ಕೆ ಗುರಿಯಾಗಿ ಅಲೆಯುತ್ತಿದ್ದ ಲಟೋನಾ ಲಿಸಿಯಾ ದೇಶದ ಕೊಳವೊಂದರಲ್ಲಿ ನೀರು ಕುಡಿಯಲು ಬಾಗಿದಾಗ ಹಳ್ಳಿಗರು ತಡೆದರು. ಅವಳು ಬೇಡಿಕೊಂಡರೂ ಕೇಳದೆ ಕೊಳಕ್ಕಿಳಿದು ಕುಣಿದು ಕೆಸರೆಬ್ಬಿಸಿದರು. ಆ ಕೊಳದಲ್ಲಿಯೇ ಎಂದೆಂದಿಗೂ ಬಾಳುವಂತಾಗಲೆಂದು ಅವಳು ಶಪಿಸಲು ಅವರು ಕಪ್ಪೆಗಳಾದರು.

ನೇಥನ್ ವಿಟ್ಮನ್ ಎಂಬ ವಿದ್ವಾಂಸರು 1969ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಈ ಶಿಲ್ಪವನ್ನು ಫ್ರೋಂಡ್ ದಂಗೆಯೊಂದಿಗೆ ಹೊಂದಿಸಿದರು. ಆ ದಂಗೆ ನಡೆದುದು 1648ರಿಂದ 1653ರವರೆಗೆ. ಅದು ಮೊದಲಾದಾಗ 14ನೆಯ ಲೂಯಿ ಹತ್ತು ವರ್ಷ ತುಂಬದ ಬಾಲಕ. 1649ರ ಜನವರಿಯಲ್ಲಿ ತಾಯಿ ಆನ್ ರಾಣಿಯು ಇಬ್ಬರು ಮಕ್ಕಳೊಡನೆ ರಾತ್ರೋರಾತ್ರಿ ಪ್ಯಾರಿಸನ್ನು ಬಿಡಬೇಕಾಯಿತು. ಹಾಗಾದರೆ ಲಟೋನಾ ಎಂದರೆ ಆನ್, ಅಪೋಲೋ ಎಂದರೆ ಲೂಯಿ, ಕಪ್ಪೆಗಳೆಂದರೆ ದಂಗೆಕೋರರು. ಈ ಹೋಲಿಕೆ ಎಷ್ಟು ಸೊಗಸಾಗಿದೆಯೆಂದರೆ, ತರಗತಿಯಲ್ಲಿ ಇದನ್ನು ಹೇಳದೆ ಬಿಡುವುದು ಅಧ್ಯಾಪಕರಿಗೆ ಕಷ್ಟ. ನಾವೂ ಹಲವು ಬಾರಿ ಹೇಳಿದ್ದೇವೆ.

ಆದರೂ ಇದನ್ನು ಸಿದ್ಧಾಂತವೆಂದು ಒಪ್ಪಲು ನಮಗೆ ಸಂಕೋಚವುಂಟು. ದಂಗೆಯ ಮುಂದಾಳುಗಳು ನ್ಯಾಯಾಧಿಪತಿಗಳು ಮತ್ತು ಶ್ರೀಮಂತ ಸರದಾರರು, ಹಳ್ಳಿಗರಲ್ಲ. ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಪ್ಯಾರಿಸ್ ಪಾರ್ಲಮೆಂಟ್ ಎಂಬ ಉಚ್ಚ ನ್ಯಾಯಸ್ಥಾನದ ದಾಖಲೆಗಳಿಂದ ದಂಗೆಯ ವರ್ಷಗಳ ಕಾಗದಗಳನ್ನು ತೆಗೆಸಲು ರಾಜನು ಆಜ್ಞಾಪಿಸಿದ್ದು 1668ರಲ್ಲಿ, ಅಂದರೆ ಶಿಲ್ಪದ ಕೆಲಸ ಮೊದಲಾದ ವರ್ಷದಲ್ಲಿಯೇ. ಕಾಗದದಿಂದ ಅಳಿಸಿದುದನ್ನು ಕಲ್ಲಿನಲ್ಲಿ ಕೆತ್ತಿಸಿದನೆಂದು ಹೇಳಬೇಕಾದರೆ ಸಮಕಾಲೀನ ಸಾಕ್ಷ್ಯ ಬೇಕು. ಉದ್ಯಾನವನ್ನು ತೋರಿಸುವ ಕ್ರಮವನ್ನು ಕುರಿತು ರಾಜನೇ 1689ರಲ್ಲಿ ಸಿದ್ಧಪಡಿಸಿದ ಸೂಚನೆಯಲ್ಲಿ, ಲಟೋನಾಳ ಮೇಲ್ಭಾಗದಲ್ಲಿ ನಿಂತು ಶಿಲ್ಪವನ್ನೂ ದೂರದ ಅಪೋಲೋ ಕಾರಂಜಿಯನ್ನೂ ಕಾಲುವೆಯನ್ನೂ ನೋಡಬೇಕೆಂದಿದೆ. ದಂಗೆಯ ಸುಳಿವೇ ಇಲ್ಲ. ಸೂರ್ಯನನ್ನು ಲಾಂಛನವಾಗಿಸಿಕೊಂಡ ರಾಜನ ಉದ್ಯಾನದಲ್ಲಿ ಸೂರ್ಯದೇವನ ತಾಯಿಗೆ ಸ್ಥಾನ ದೊರೆಯಲು ಬೇರೆ ಕಾರಣ ಬೇಕಿರಲಿಲ್ಲ. ಮೊದಲು ಬಂಡೆಯ ಮೇಲೆ ಅರಮನೆಗೆ ಮುಖಮಾಡಿದ್ದ ಲಟೋನಾಳನ್ನು 1687-89ರಲ್ಲಿ ವಾಸ್ತುಶಿಲ್ಪಿ ಆರ್ದ್ವಾಂ-ಮಾನ್ಸಾರ್ ಅಮೃತಶಿಲೆಯ ವರ್ತುಲ ಹಂತಗಳ ಮೇಲೇರಿಸಿ, ಮಗನ ಕಾರಂಜಿಯತ್ತ, ಪಶ್ಚಿಮಕ್ಕೆ ತಿರುಗಿಸಿದನು.

ದಾಖಲೆಗಳು ಹೆಚ್ಚು ಮಾತನಾಡುವುದು ನೀರಿನ ವಿಷಯದಲ್ಲಿ. ವರ್ಸೇಲ್ಸಿನಲ್ಲಿ ನೀರು ಎಂದೂ ಸಾಲಲಿಲ್ಲ. ಸೇನ್ ನದಿಯ ನೀರನ್ನು ಮೇಲೆತ್ತಲು ಹದಿನಾಲ್ಕು ಚಕ್ರಗಳ ಮಾರ್ಲಿ ಯಂತ್ರವು 1684ರಲ್ಲಿ ಸಿದ್ಧವಾದರೂ ಕೊರತೆ ತೀರಲಿಲ್ಲ. ಅರಮನೆಯಿಂದ ಕಾಣುವ ಕೆಲವನ್ನು ಬಿಟ್ಟರೆ, ಉಳಿದ ಕಾರಂಜಿಗಳಿಗೆ ರಾಜನು ಸಮೀಪಿಸಿದಾಗ ಸೇವಕರು ಶಿಳ್ಳೆಯ ಸನ್ನೆಯಿಂದ ನೀರು ಬಿಟ್ಟು, ಅವನು ದಾಟಿದೊಡನೆ ನಿಲ್ಲಿಸುತ್ತಿದ್ದರು. ಕೊನೆಗೆ ಯೂರ್ ನದಿಯನ್ನೇ ತಿರುಗಿಸಿ ತರುವ ಯತ್ನ ನಡೆಯಿತು. ಸಾವಿರಾರು ಸೈನಿಕರು ಅಗೆತಕ್ಕೆ ನೇಮಕಗೊಂಡರು. ಜ್ವರದಿಂದ ಸತ್ತವರು ಬಹುಮಂದಿ. ನೀರನ್ನು ನಿರಾಕರಿಸಿದವರು ಶಾಪಗ್ರಸ್ತರಾದ ಕಥೆಯ ಶಿಲ್ಪವನ್ನು ಎತ್ತರಿಸುತ್ತಿದ್ದುದೂ ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ. ಶಿಲ್ಪಿಗಳ ಮನಸ್ಸಿನಲ್ಲಿ ಈ ಹೋಲಿಕೆ ಇತ್ತೆಂದು ನಾವು ಹೇಳಲಾರೆವು. ಇದು ನಮ್ಮದು, ಅವರದಲ್ಲ. 1688ರಲ್ಲಿ ಯುದ್ಧ ಆರಂಭವಾಗಲು ಕೆಲಸ ನಿಂತಿತು. ಆ ಮೇಲ್ಗಾಲುವೆಯ ಅಪೂರ್ಣ ಕಮಾನುಗಳನ್ನು ಮಾಂತನೋನ್ ಎಂಬಲ್ಲಿ ಇಂದಿಗೂ ಕಾಣಬಹುದು.