ಮಿನಮಾಟದ ಹೊಕ್ಕುಳಬಳ್ಳಿಗಳು



‘ಕ್ರಿಯಾವರ್ಧಕವು ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ, ಆದರೆ ತಾನು ಬದಲಾಗದೆ ಉಳಿಯುತ್ತದೆ’ ಎಂದು ಪರೀಕ್ಷೆಯಲ್ಲಿ ನೀವೆಲ್ಲರೂ ಬರೆದು ಅಂಕ ಪಡೆದಿದ್ದೀರಿ. ಪುಸ್ತಕದ ಮಾತು ಸರಿಯೇ. ಆದರೆ ಕಾರ್ಖಾನೆಯ ತೊಟ್ಟಿಯೊಳಗೆ ಮುಖ್ಯ ಕ್ರಿಯೆಯ ಜೊತೆಗೆ ಪಾರ್ಶ್ವಕ್ರಿಯೆಗಳೂ ನಡೆಯುತ್ತವೆ. ಅಂಥ ಒಂದು ಪಾರ್ಶ್ವಕ್ರಿಯೆಯಿಂದ ಒಂದು ಊರೇ ನರಳಿದ ಇತಿಹಾಸವನ್ನು ಈ ಸಲ ಬರೆಯುತ್ತಿದ್ದೇನೆ.

ಜಪಾನಿನ ಕ್ಯೂಷು ದ್ವೀಪದಲ್ಲಿ ಮಿನಮಾಟ ಎಂಬ ಕಡಲತೀರದ ಪಟ್ಟಣವಿದೆ. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆಯನ್ನು ಆರಂಭಿಸಿತು. ಕ್ರಿಯಾವರ್ಧಕವಾಗಿ ಬಳಸಿದ್ದು ಪಾದರಸದ ಲವಣ. ಅದರ ಒಂದಂಶ ಮೀಥೈಲ್ ಪಾದರಸವಾಗಿ ಮಾರ್ಪಟ್ಟು, ತ್ಯಾಜ್ಯ ನೀರಿನೊಡನೆ ಕೊಲ್ಲಿಯನ್ನು ಸೇರಿತು. ಅಲ್ಲಿಂದ ಸೂಕ್ಷ್ಮಜೀವಿಗಳಿಗೆ, ಅವುಗಳಿಂದ ಮೀನಿಗೆ, ಮೀನಿನಿಂದ ಬೆಕ್ಕಿಗೆ, ಮನುಷ್ಯನಿಗೆ. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಬಳಿಕ ಬೆಸ್ತರ ಕೈಕಾಲು ನಡುಗಿದವು, ಮಾತು ತೊದಲಿತು, ದೃಷ್ಟಿ ಕಿರಿದಾಯಿತು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥ ಡಾ. ಹೊಸೊಕಾವ ಹಾಜಿಮೆ ಅವರ ಮೂಲಕ ಈ ಅಪರಿಚಿತ ವ್ಯಾಧಿಯ ಸುದ್ದಿ ಆರೋಗ್ಯ ಇಲಾಖೆಗೆ ತಲುಪಿತು.

ಊರಿನಲ್ಲಿ ಹುಟ್ಟಿನಿಂದಲೇ ಇಂಥ ಲಕ್ಷಣಗಳಿದ್ದ ಮಕ್ಕಳೂ ಇದ್ದರು. ಅವರು ಮೀನನ್ನು ತಿಂದವರೇ ಅಲ್ಲ. ತಾಯಿಯ ಮಾಸು ವಿಷವನ್ನು ತಡೆಯುತ್ತದೆಂಬುದು ಆ ಕಾಲದ ವೈದ್ಯರ ನಂಬಿಕೆಯಾಗಿತ್ತು. ಆದ್ದರಿಂದ ಅದನ್ನು ಬೇರೆ ರೋಗವೆಂದೇ ಬಗೆದರು. ತಾವು ತಿಂದ ಮೀನಿನ ವಿಷವೇ ಮಗುವಿಗೆ ಇಳಿದಿದೆ ಎಂದವರು ತಾಯಂದಿರು. ತರುಣ ವೈದ್ಯ ಹರಾಡ ಮಸಾಜುಮಿ ಆ ಮಾತನ್ನು ತಳ್ಳಿಹಾಕಲಿಲ್ಲ. 1962ರಲ್ಲಿ 16 ಮಕ್ಕಳ ವ್ಯಾಧಿ ಗರ್ಭದಲ್ಲೇ ತಗುಲಿದ್ದೆಂದು ಅಧಿಕೃತವಾಗಿ ಒಪ್ಪಲಾಯಿತು. ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು ಜಪಾನೀಯರ ಪದ್ಧತಿ. ಮುಂದೆ ಹರಾಡ ಅವನ್ನು ಸಂಗ್ರಹಿಸಿದರು. ಅಸಿಟಾಲ್ಡಿಹೈಡ್ ಉತ್ಪಾದನೆ ಹೆಚ್ಚಿದ ವರ್ಷಗಳಲ್ಲಿ ಹುಟ್ಟಿದವರ ಬಳ್ಳಿಗಳಲ್ಲಿ ಮೀಥೈಲ್ ಪಾದರಸವೂ ಹೆಚ್ಚಾಗಿತ್ತು. ತಾಯಂದಿರ ಮಾತಿಗೆ ಸಾಕ್ಷಿ ಅವರ ಮನೆಗಳಲ್ಲೇ ಇತ್ತು.

ಮಾಸನ್ನು ವಿಷ ದಾಟಿದ್ದು ಹೇಗೆ? ಇದು ನಂತರದ ದಶಕಗಳಲ್ಲಿ ತಿಳಿದ ಸಂಗತಿ. ಪಾದರಸಕ್ಕೆ ಗಂಧಕದೊಡನೆ ಬಲವಾದ ನಂಟು. ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಮೀಥೈಲ್ ಪಾದರಸ ಅಂಟಿದಾಗ, ಅದು ಮಿಥಿಯೋನಿನ್ ಎಂಬ ಮತ್ತೊಂದು ಅಮೈನೋ ಆಮ್ಲದಂತೆ ತೋರುತ್ತದೆ. ದೇಹವು ಆಹಾರವೆಂದೇ ಭ್ರಮಿಸಿ ಅದನ್ನು ಮಗುವಿಗೂ, ಮಿದುಳಿಗೂ ತಾನೇ ಸಾಗಿಸುತ್ತದೆ.

ಜೀವಕೋಶ ಸುಮ್ಮನಿರುವುದಿಲ್ಲ. ಅದರಲ್ಲಿ ಕೀಪ್-1 ಎಂಬ ಪ್ರೋಟೀನು ಎನ್‌ಆರ್‌ಎಫ್-2 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಕೀಪ್-1ರಲ್ಲಿರುವ ಸಿಸ್ಟೀನಿಗೆ ಪಾದರಸ ತಗುಲಿದೊಡನೆ ಆ ಹಿಡಿತ ಸಡಿಲುತ್ತದೆ. ಬಿಡುಗಡೆಗೊಂಡ ಎನ್‌ಆರ್‌ಎಫ್-2 ಕೋಶಕೇಂದ್ರವನ್ನು ಹೊಕ್ಕು, ರಕ್ಷಣೆಯ ಜೀನುಗಳನ್ನು ಚುರುಕುಗೊಳಿಸುತ್ತದೆ. ಆಗ ಗ್ಲುಟಾಥಯೋನ್ ಎಂಬ ವಸ್ತು ಹೆಚ್ಚು ತಯಾರಾಗಿ, ಪಾದರಸವನ್ನು ಕಟ್ಟಿ ಹೊರಹಾಕಲು ನೆರವಾಗುತ್ತದೆ. ಇಲ್ಲಿ ಜೀನಿನ ಬರಹ ಬದಲಾಗಿಲ್ಲ. ಅದನ್ನು ಓದುವ ವೇಗ ಬದಲಾಗಿದೆ, ಅಷ್ಟೇ. ವಿಷ ಮಿತಿಮೀರಿದಾಗ ಈ ರಕ್ಷಣೆ ಸೋಲುತ್ತದೆ. ರೂಪುಗೊಳ್ಳುತ್ತಿರುವ ಮಿದುಳಿನಲ್ಲಿ ಯಾವ ಕೋಶ ಯಾವಾಗ ವಿಭಜಿಸಬೇಕು, ಎಲ್ಲಿಗೆ ಸರಿಯಬೇಕು ಎಂಬ ಕ್ರಮವೇ ಕೆಡುತ್ತದೆ. ಆದ್ದರಿಂದಲೇ ತಾಯಿಯಲ್ಲಿ ಸೌಮ್ಯವಾಗಿ ಕಂಡ ವ್ಯಾಧಿ ಮಗುವಿನಲ್ಲಿ ಜೀವನಪರ್ಯಂತದ ಅಂಗವೈಕಲ್ಯವಾಯಿತು.

ಕಣ್ಣಿಗೆ ಕಾಣದ ಜೀವಕೋಶ ವಿಷ ತಗುಲಿದೊಡನೆ ಎಚ್ಚರಿಕೆಯ ಗಂಟೆ ಬಾರಿಸಿತು. ಎಲ್ಲ ತಿಳಿದಿದ್ದ ಸಂಸ್ಥೆ ಬಾರಿಸಲಿಲ್ಲ. 1959ರಲ್ಲಿ ಹೊಸೊಕಾವ ಕಾರ್ಖಾನೆಯ ತ್ಯಾಜ್ಯವನ್ನು 400ನೆಯ ಸಂಖ್ಯೆಯ ಬೆಕ್ಕಿಗೆ ಉಣಿಸಿದರು. ಅಕ್ಟೋಬರಿನಲ್ಲಿ ಅದಕ್ಕೂ ಅದೇ ವ್ಯಾಧಿ ಕಾಣಿಸಿತು. ಸಂಸ್ಥೆ ಆ ಫಲಿತಾಂಶವನ್ನು ಮುಚ್ಚಿಟ್ಟಿತು. ಅದೇ ಡಿಸೆಂಬರಿನಲ್ಲಿ, ಮುಂದೆ ಕಾರ್ಖಾನೆಯೇ ಕಾರಣವೆಂದು ಗೊತ್ತಾದರೂ ಹೆಚ್ಚಿನ ಪರಿಹಾರ ಕೇಳಕೂಡದೆಂಬ ಕರಾರಿನೊಡನೆ ಬಡ ಬೆಸ್ತರಿಗೆ ‘ಸಾಂತ್ವನ ಧನ’ ಕೊಟ್ಟಿತು. ಅಸಿಟಾಲ್ಡಿಹೈಡ್ ತಯಾರಿಕೆಯಲ್ಲಿ ಪಾದರಸದ ಬಳಕೆ ನಿಂತದ್ದು 1968ರಲ್ಲಿ. 1970ರಲ್ಲಿ ಹೊಸೊಕಾವ ಆಸ್ಪತ್ರೆಯ ಹಾಸಿಗೆಯಿಂದಲೇ ನ್ಯಾಯಾಲಯಕ್ಕೆ ಸಾಕ್ಷ್ಯ ನುಡಿದು, ಅದೇ ವರ್ಷ ತೀರಿಕೊಂಡರು. 1973ರಲ್ಲಿ ಕುಮಾಮೊಟೊ ನ್ಯಾಯಾಲಯ ಸಂಸ್ಥೆಯನ್ನೇ ಹೊಣೆಯಾಗಿಸಿ, ಆ ಕರಾರನ್ನು ಅಸಿಂಧುವೆಂದಿತು.

ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2013ರಲ್ಲಿ ಇದೇ ಊರಿನ ಹೆಸರಿಟ್ಟರು. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. ನಿಮ್ಮಲ್ಲಿ ಹಲವರು ಇಂದು ವೈದ್ಯರು, ಎಂಜಿನಿಯರುಗಳು, ಕಾರ್ಖಾನೆಗಳಲ್ಲಿ ಅಧಿಕಾರಿಗಳು. ಹೊಸೊಕಾವ ಅವರ ಸ್ಥಾನದಲ್ಲಿ ನಿಲ್ಲುವ ದಿನ ನಿಮಗೂ ಬಂದೀತು. ಹನ್ನೊಂದು ವರ್ಷ ಕಾಯಬೇಡಿರಿ. ತಿಳಿದದ್ದನ್ನು ಅಂದೇ ಹೇಳಿರಿ.